ಲಾನ್ಸರೋಟೆಯ ಹಳ್ಳಿಗಳಿಂದ ಅಪ್ಪನಿಗೆ

ಅರ್ರೆಸಿಫೆ, ಲಾನ್ಸರೋಟೆ ದ್ವೀಪ

ತೀರ್ಥರೂಪು ತಂದೆಯವರಿಗೆ ಮಗಳು ಮಾಡುವ ನಮಸ್ಕಾರಗಳು. ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿರಿ. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಸಮಾಚಾರಕ್ಕೆ ಕಾಯುತ್ತಿದ್ದೇನೆ.

ಬರುವ ಏಪ್ರಿಲ್‌ನಲ್ಲಿ ನೀವೂ ಅಮ್ಮನೂ ಸ್ಪೇನ್‌ಗೆ ಬಂದಾಗ ಒಂದು ವಾರವನ್ನು ಈ ದ್ವೀಪದಲ್ಲಿ ಕಳೆಯೋಣವೆಂದು ನಾನು ಬರೆದದ್ದಕ್ಕೆ, ‘ಸುಟ್ಟ ಬೆಟ್ಟ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇ?’ ಎಂದು ನೀವು ಕೇಳಿದ್ದಿರಿ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರ ಕೊಡಬೇಕೆಂದೇ ಎಂಟು ದಿನ ರಜೆ ಹಾಕಿ, ಮ್ಯಾಡ್ರಿಡ್‌ನಿಂದ ನಾನೊಬ್ಬಳೇ ಮೊದಲು ಬಂದು, ಅಮ್ಮನ ಮಂಡಿನೋವನ್ನೂ ನಿಮ್ಮ ಬೇಸಾಯದ ಆಸಕ್ತಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಊರುಗಳನ್ನು ಒಂದೊಂದಾಗಿ ನೋಡಿದೆ. ಬೆಟ್ಟಕ್ಕೆ ಅರ್ಧ ದಿನ ಸಾಕು, ಮಿಕ್ಕ ದಿನಗಳನ್ನೆಲ್ಲ ಹಳ್ಳಿಗಳಿಗೆ ಕೊಡಬೇಕು ಎಂಬುದು ಈಗ ನನಗೆ ಖಚಿತವಾಗಿದೆ. ಏಕೆಂದರೆ ಬೆಂಕಿ ಏನು ಮಾಡಿತು ಎಂಬುದನ್ನು ಬೆಟ್ಟ ತೋರಿಸುತ್ತದೆ. ಅದಾದ ಮೇಲೆ ಜನ ಏನು ಮಾಡಿದರು ಎಂಬುದನ್ನು ನೋಡಬೇಕಾದರೆ ಊರುಗಳಿಗೇ ಹೋಗಬೇಕು.

ಆಫ್ರಿಕಾದ ಕರಾವಳಿಯಿಂದ ಸುಮಾರು 125 ಕಿ.ಮೀ. ದೂರದಲ್ಲಿ, ಕೆನರಿ ದ್ವೀಪಗಳ ಪೂರ್ವದ ಅಂಚಿನಲ್ಲಿ ಲಾನ್ಸರೋಟೆ ಇದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 150 ಮಿ.ಮೀ. ಮಾತ್ರ. ನದಿಯಿಲ್ಲ, ಕಾಡಿಲ್ಲ. ಹೀಗಿದ್ದೂ ಗೋಧಿ, ಬಾರ್ಲಿ ಬೆಳೆದು ಬದುಕುತ್ತಿದ್ದ ಈ ನೆಲದಲ್ಲಿ 1730ರ ಸೆಪ್ಟೆಂಬರ್ 1ರ ರಾತ್ರಿ ಭೂಮಿ ಬಾಯಿಬಿಟ್ಟು ಜ್ವಾಲಾಮುಖಿ ಉಕ್ಕತೊಡಗಿತು. ಒಂದೆರಡು ತಿಂಗಳಲ್ಲಿ ತಣ್ಣಗಾಗಬಹುದೆಂದು ಜನ ಕಾದರೂ ಅದು ನಿಂತದ್ದು 1736ರ ಏಪ್ರಿಲ್‌ನಲ್ಲಿ, ಅಂದರೆ ಐದೂವರೆ ವರ್ಷಗಳ ಮೇಲೆ. ಅಷ್ಟರಲ್ಲಿ ದ್ವೀಪದ ಸುಮಾರು ಕಾಲುಭಾಗ, ಅದೂ ಒಳ್ಳೆಯ ಹೊಲಗಳಿದ್ದ ಭಾಗ, ಲಾವಾ ಮತ್ತು ಬೂದಿಯ ಅಡಿಗೆ ಹೋಗಿತ್ತು. ಯಾಯ್ಸಾ ಎಂಬ ಊರಿನ ಪಾದ್ರಿಯಾಗಿದ್ದ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ ಅವರು ಮೊದಲ ತಿಂಗಳುಗಳಲ್ಲಿ ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಯಾವ ದಿನ ಯಾವ ಹಳ್ಳಿ ಮುಳುಗಿತು, ಸತ್ತ ಮೀನುಗಳು ದಡಕ್ಕೆ ಹೇಗೆ ಬಂದು ಬಿದ್ದವು, ಹೊಗೆಯಿಂದ ದನಕರುಗಳು ಹೇಗೆ ಉಸಿರುಕಟ್ಟಿ ಸತ್ತವು ಎಂಬುದೆಲ್ಲ ನಮಗೆ ತಿಳಿದಿರುವುದು ಅವರಿಂದಲೇ. ಕಡೆಗೆ ಅವರೂ ತಮ್ಮ ಊರವರೊಂದಿಗೆ ಊರು ಬಿಡಬೇಕಾಯಿತು.

ಆ ಯಾಯ್ಸಾ ಇಂದೂ ಇದೆ. ಲಾವಾ ಊರಿನ ಹತ್ತಿರಕ್ಕೇ ಬಂದು ನಿಂತಿದೆ: ಒಂದು ಕಡೆ ಉತ್ತಿಟ್ಟು ಕಲ್ಲಾದ ಹೊಲದಂತೆ ಕಾಣುವ ಕಪ್ಪು ಹರವು, ಇನ್ನೊಂದು ಕಡೆ ಸುಣ್ಣ ಬಳಿದ ಬಿಳಿಯ ಗೋಡೆಗಳು, ಹಸಿರು ಬಣ್ಣದ ಕಿಟಕಿಬಾಗಿಲುಗಳು, ಒಂದಷ್ಟು ಈಚಲಿನಂಥ ಮರಗಳು. ಚರ್ಚಿನ ಮುಂದಿನ ಚೌಕದಲ್ಲಿ ಕಲ್ಲುಬೆಂಚುಗಳಿವೆ. ಬೆಳಗಿನ ಬಿಸಿಲಿಗೆ ಅಮ್ಮ ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ನೀವೂ ನಾನೂ ಊರಿನ ಅಂಚಿಗೆ ನಡೆದು, ಬೀದಿ ಮುಗಿದು ಲಾವಾ ಶುರುವಾಗುವ ಜಾಗವನ್ನು ನೋಡಿ ಬರೋಣ.

ಯಾಯ್ಸಾದಿಂದ ಈಶಾನ್ಯಕ್ಕೆ ಹೋಗುವ ರಸ್ತೆಯ ಎರಡೂ ಕಡೆ ಹರಡಿರುವುದು ಲಾ ಹೇರಿಯಾ. ಅಪ್ಪ, ನಾನು ಈ ಪತ್ರ ಬರೆಯಲು ಕೂತದ್ದೇ ಮುಖ್ಯವಾಗಿ ಇದರ ಬಗ್ಗೆ ನಿಮಗೆ ಹೇಳಬೇಕೆಂದು. ಕಣ್ಣು ಹಾಯುವವರೆಗೂ ಕಪ್ಪು ಬೂದಿಯ ಇಳಿಜಾರು. ಅದರ ಮೈತುಂಬ ಬಟ್ಟಲು ಒತ್ತಿದಂತೆ ಸಾವಿರಾರು ಗುಂಡಿಗಳು. ಒಂದೊಂದು ಗುಂಡಿಯ ತಳದಲ್ಲಿ ಒಂದು, ಅಪರೂಪಕ್ಕೆ ಎರಡು, ದ್ರಾಕ್ಷಿ ಬಳ್ಳಿ. ಗಾಳಿ ಬರುವ ದಿಕ್ಕಿಗೆ ಅರ್ಧಚಂದ್ರಾಕಾರದ ಮೊಳಕಾಲೆತ್ತರದ ಕಲ್ಲುಗೋಡೆ, ಅದಕ್ಕೆ ಗಾರೆಯಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಉಕ್ಕಿದ ಬೂದಿ ಹಳೆಯ ಹೊಲಗಳ ಮೇಲೆ ಕೆಲವೆಡೆ ಆಳೆತ್ತರಕ್ಕೂ ಮೀರಿ ಕೂತಿತ್ತು. ರೈತರು ಆ ಬೂದಿಯನ್ನು ತೋಡುತ್ತ ಹೋಗಿ, ಅಡಿಯಲ್ಲಿದ್ದ ತಮ್ಮ ಹಿಂದಿನ ಮಣ್ಣನ್ನು ಮುಟ್ಟಿದ ಮೇಲೆ ಅದರಲ್ಲಿ ಬಳ್ಳಿ ನೆಟ್ಟರು.

ಕೆಲಸ ಮಾಡುವುದು ಆ ಬೂದಿಯೇ. ಇಲ್ಲಿಯವರು ಅದನ್ನು ರೋಫೆ ಎನ್ನುತ್ತಾರೆ. ಹಿಡಿಯಲ್ಲಿ ತೆಗೆದುಕೊಂಡರೆ ಹಗುರ, ತುಂಬ ಸಣ್ಣಸಣ್ಣ ತೂತುಗಳು. ಕಡಲ ಗಾಳಿ ರಾತ್ರಿ ತರುವ ತೇವವನ್ನೂ ಇಬ್ಬನಿಯನ್ನೂ ಅದು ಹೀರಿ ಕೆಳಗಿನ ಮಣ್ಣಿಗೆ ಇಳಿಸುತ್ತದೆ, ಹಗಲು ಬಿಸಿಲು ಆ ತೇವವನ್ನು ಎಳೆದುಕೊಳ್ಳದಂತೆ ಮೇಲಿಂದ ಮುಚ್ಚಿಡುತ್ತದೆ. ನೀವು ತೋಟದಲ್ಲಿ ಬುಡಕ್ಕೆ ತರಗೆಲೆ ಹೊದಿಸುವುದು ಯಾವ ಉದ್ದೇಶಕ್ಕೋ ಇದೂ ಅದಕ್ಕೇ, ಆದರೆ ತರಗೆಲೆಯ ಹಾಗೆ ಇದು ಕೊಳೆತುಹೋಗುವುದಿಲ್ಲ. ಇದರ ಗುಣ ತಿಳಿದ ಮೇಲೆ ಬೂದಿ ಬೀಳದಿದ್ದ ಊರುಗಳವರೂ ಅದನ್ನು ಹೊತ್ತು ತಂದು ತಮ್ಮ ಹೊಲಗಳಿಗೆ ಹೊದಿಸಿಕೊಂಡರು; ಈಗಲೂ ಈರುಳ್ಳಿ, ಆಲೂಗಡ್ಡೆಯ ಕಪ್ಪು ಹೊಲಗಳು ದ್ವೀಪದ ತುಂಬ ಕಾಣುತ್ತವೆ. ಲಾ ಹೇರಿಯಾದ ಗುಂಡಿಗಳಿಗೆ ಯಂತ್ರ ಇಳಿಯುವಂತಿಲ್ಲ. ಸವರುವುದು, ಕಳೆ ಕೀಳುವುದು, ಜಾರಿಬಿದ್ದ ಬೂದಿಯನ್ನು ಮತ್ತೆ ಮೇಲಕ್ಕೆ ಎಳೆಯುವುದು, ಗೊಂಚಲು ಕೊಯ್ಯುವುದು, ಎಲ್ಲವೂ ಕೈಯಿಂದಲೇ. ಎಕರೆಗೆ ಬರುವ ಫಸಲು ಬಹಳ ಕಡಿಮೆ. ಮಾಲ್ವಸಿಯಾ ಎಂಬ ತಳಿಯೇ ಹೆಚ್ಚು, ಅದರಿಂದ ಮಾಡುವ ಬಿಳಿಯ ವೈನ್‌ಗೆ ಹೆಸರಿದೆ. ಕೊಯ್ಲು ಜುಲೈ ಕೊನೆಯಿಂದ ಆಗಸ್ಟ್‌ವರೆಗೆ. ಏಪ್ರಿಲ್‌ನಲ್ಲಿ ನೀವು ಬಂದಾಗ ಕೊಯ್ಲು ಸಿಗದಿದ್ದರೂ ಕಪ್ಪಿನ ನಡುವೆ ಎಳೆಯ ಚಿಗುರೆಲೆ ಸಿಗುತ್ತದೆ, ನೋಡಲು ಅದೇ ಚೆನ್ನ ಎಂದು ನನಗೆ ಅನ್ನಿಸುತ್ತದೆ. ಗುಂಡಿಗಳ ಅಂಚಿನ ಮೇಲೆ ಮಾತ್ರ ಯಾರೂ ಕಾಲಿಡಬಾರದು. ಒಂದು ಹೆಜ್ಜೆಗೆ ಜಾರುವ ಬೂದಿಯನ್ನು ಒಬ್ಬರು ಕೈಯಾರೆ ಎತ್ತಿ ಹಾಕಬೇಕಾಗುತ್ತದೆ.

ಯಾಯ್ಸಾದ ಪಶ್ಚಿಮಕ್ಕೆ ಕಡಲ ಅಂಚಿನಲ್ಲಿ ಹಾನೂಬಿಯೊ ಎಂಬಲ್ಲಿ ಉಪ್ಪಿನ ಆಗರಗಳಿವೆ. ಲಾವಾ ಹರಿದು ಕೊಲ್ಲಿಯೊಂದರ ಬಾಯನ್ನು ಮುಚ್ಚಿದ್ದರಿಂದ ಉಂಟಾದ ಹಿನ್ನೀರಿನ ಪಕ್ಕದಲ್ಲಿ 1895ರಲ್ಲಿ ಆಗರಗಳನ್ನು ಕಟ್ಟಲು ತೊಡಗಿದರು. ಹಿಂದೆ ಗಾಳಿಗಿರಣಿಗಳು ಸಮುದ್ರದ ನೀರನ್ನು ಮೇಲಕ್ಕೆತ್ತುತ್ತಿದ್ದವು. ಮೀನುಗಾರಿಕೆಯ ದೋಣಿಗಳಿಗೆ ಮೀನು ಕೆಡದಂತೆ ಇಡಲು ಇಲ್ಲಿಂದಲೇ ಉಪ್ಪು ಹೋಗುತ್ತಿತ್ತು. ಸಂಜೆಯ ಬೆಳಕಿನಲ್ಲಿ ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ ಬರುತ್ತದೆ. ಅಲ್ಲಿಂದ ಸ್ವಲ್ಪ ದೂರದ ಎಲ್ ಗೋಲ್ಫೊ ಸಣ್ಣ ಮೀನುಗಾರರ ಊರು. ಅದರ ಪಕ್ಕದಲ್ಲಿ, ಅರ್ಧ ಕೊಚ್ಚಿಹೋದ ಜ್ವಾಲಾಮುಖಿಯ ಬಾಯೊಳಗೆ, ಕಪ್ಪು ಮರಳಿಗೂ ಕೆಂಪು ಬಂಡೆಗೂ ನಡುವೆ ಒಂದು ಹಸಿರು ಕೊಳವಿದೆ. ಮೇಲಿನ ದಾರಿಯಿಂದಲೇ ಅದು ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಅಮ್ಮ ಕೆಳಗಿಳಿಯಬೇಕಾದ ಪ್ರಮೇಯವಿಲ್ಲ. ಫೆಮೆಸ್ ಎಂಬ ಬೆಟ್ಟದ ಮೇಲಿನ ಹಳ್ಳಿಗೂ ಹೋಗಿದ್ದೆ. ಮೇಕೆ ಹಾಲಿನ ಚೀಸ್, ತಣ್ಣನೆಯ ಗಾಳಿ, ಎದುರಿಗೆ ಫುವೆರ್ತೆವೆಂತುರಾ ದ್ವೀಪ. ಹೊತ್ತಿದ್ದರೆ ಹೋಗೋಣ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.

ಬೆಟ್ಟವನ್ನು, ಅಂದರೆ ತಿಮಾನ್‌ಫಾಯಾ ರಾಷ್ಟ್ರೀಯ ಉದ್ಯಾನವನ್ನು, ಒಂದು ಬೆಳಿಗ್ಗೆ ಬೇಗ ಹೊರಟು ಮುಗಿಸೋಣ. 1974ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಒಳಗೆ ಅವರದೇ ಬಸ್ಸಿನಲ್ಲಿ ಕೂತು ಸುತ್ತಬೇಕು, ಮನಸ್ಸಿಗೆ ಬಂದಂತೆ ನಡೆಯುವಂತಿಲ್ಲ. ಹಾಗಿರುವುದರಿಂದಲೇ ಆ ನೆಲ ಉಳಿದಿದೆ. ಕೆಲವೇ ಮೀಟರ್ ಆಳದಲ್ಲಿ ಇಂದಿಗೂ ನೂರಾರು ಡಿಗ್ರಿ ಶಾಖವಿದೆ. ನೆಲಕ್ಕೆ ಹೂತ ಕೊಳವೆಗೆ ನೀರು ಸುರಿದರೆ ಮರುಕ್ಷಣ ಆವಿಯಾಗಿ ಚಿಮ್ಮುತ್ತದೆ. ಹಿಂತಿರುಗುವಾಗ ಮಾಂಚಾ ಬ್ಲಾಂಕಾ ಎಂಬ ಪುಟ್ಟ ಊರಿನಲ್ಲಿ ಇಳಿಯಲೇಬೇಕು. ಲಾವಾ ಊರಿನ ಕಡೆಗೆ ಬರುತ್ತಿದ್ದಾಗ ಜನ ದುಃಖದ ಮಾತೆಯ, ಅಂದರೆ ಮೇರಿಯಮ್ಮನ, ಚಿತ್ರವನ್ನು ಹೊತ್ತು ಮೆರವಣಿಗೆಯಲ್ಲಿ ಎದುರು ಹೋಗಿ, ಲಾವಾ ನಿಂತರೆ ಗುಡಿ ಕಟ್ಟಿಸುವೆವೆಂದು ಹರಕೆ ಹೊತ್ತರಂತೆ. ಲಾವಾ ನಿಂತಿತು, ಹರಕೆ ಮರೆತುಹೋಯಿತು. ಎಷ್ಟೋ ವರ್ಷಗಳ ಮೇಲೆ ಆಡು ಮೇಯಿಸುವ ಹುಡುಗಿಗೆ ಆ ತಾಯಿ ಕಾಣಿಸಿಕೊಂಡು ನೆನಪಿಸಿದ ಮೇಲೆ ಗುಡಿ ಎದ್ದಿತು ಎಂದು ಇಲ್ಲಿಯವರು ಹೇಳುತ್ತಾರೆ. ಪ್ರತಿ ಸೆಪ್ಟೆಂಬರ್‌ನಲ್ಲಿ ದ್ವೀಪದ ಮೂಲೆಮೂಲೆಗಳಿಂದ ಜನ ನಡೆದು ಅಲ್ಲಿಗೆ ಬರುತ್ತಾರೆ. ಅಜ್ಜಿಗೆ ಈ ಕಥೆಯನ್ನು ಓದಿ ಹೇಳಿರಿ, ಅವರಿಗೆ ಇಷ್ಟವಾಗುತ್ತದೆ.

ದ್ವೀಪದ ನಡುವಿನ ತೆಗಿಸೆ 19ನೆಯ ಶತಮಾನದ ಮಧ್ಯದವರೆಗೂ ರಾಜಧಾನಿಯಾಗಿತ್ತು. ಬಂದರಿನ ಊರಾದ ಅರ್ರೆಸಿಫೆಯಲ್ಲಿ ರಾಜಧಾನಿ ಮಾಡದೆ ಒಳನಾಡಿನಲ್ಲಿ ಮಾಡಿಕೊಂಡದ್ದಕ್ಕೆ ಕಡಲ್ಗಳ್ಳರ ಭಯವೇ ಕಾರಣ. ಅಷ್ಟಾದರೂ ಅವರು ಬಂದು ಕೊಳ್ಳೆ ಹೊಡೆದ ನೆನಪಿಗೆ ಚರ್ಚಿನ ಹಿಂದಿನ ಒಂದು ಓಣಿಗೆ ‘ರಕ್ತದ ಓಣಿ’ ಎಂಬ ಹೆಸರು ಉಳಿದಿದೆ. ಊರ ಮೇಲಿನ ಗ್ವಾನಪಾಯ್ ಬೆಟ್ಟದ ಅಂಚಿನಲ್ಲಿರುವ ಕೋಟೆಯಿಂದ ಕಾವಲುಗಾರರು ಎರಡೂ ಕಡೆಯ ಕಡಲನ್ನು ನೋಡುತ್ತಿದ್ದರು. ಅಗಲವಾದ ಕಲ್ಲುಹಾಸಿನ ಬೀದಿಗಳು, ಹಳೆಯ ಮನೆಗಳ ಮರದ ಬಾಗಿಲುಗಳು, ಟಿಂಪ್ಲೆ ಎಂಬ ಐದು ತಂತಿಯ ಪುಟ್ಟ ವಾದ್ಯಕ್ಕೇ ಮೀಸಲಾದ ಒಂದು ವಸ್ತುಸಂಗ್ರಹಾಲಯ ಇವೆಲ್ಲ ನಿಧಾನವಾಗಿ ನೋಡುವಂಥವು. ಭಾನುವಾರ ದೊಡ್ಡ ಸಂತೆ ಸೇರುತ್ತದೆ, ಕಾಲಿಡಲು ಜಾಗವಿರುವುದಿಲ್ಲ. ನಾನು ಭಾನುವಾರವೂ ಹೋಗಿದ್ದೆ, ಬುಧವಾರವೂ ಹೋಗಿದ್ದೆ. ಊರು ನನಗೆ ಸಿಕ್ಕಿದ್ದು ಬುಧವಾರ.

ಹಳೆಯ ಮನೆಗಳಲ್ಲಿ ತಪ್ಪದೆ ಕಾಣುವುದು ನೆಲದಡಿಯ ನೀರಿನ ತೊಟ್ಟಿ. ಚಾವಣಿಯ ಮೇಲೆ, ಅಂಗಳದಲ್ಲಿ ಬಿದ್ದ ಹನಿಹನಿಯೂ ಇಳಿಜಾರಿನಲ್ಲಿ ಹರಿದು ಅದಕ್ಕೆ ಸೇರುವಂತೆ ಮನೆ ಕಟ್ಟಿದ್ದಾರೆ. ತೀರ ಬರ ಬಂದಾಗ ಹಡಗಿನಲ್ಲಿ ನೀರು ತರಿಸಿದ ಕಾಲವೂ ಇತ್ತು. 1960ರ ದಶಕದ ಮಧ್ಯದಲ್ಲಿ ಅರ್ರೆಸಿಫೆಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂದ ಮೇಲೆಯೇ ಆ ಕಷ್ಟ ನೀಗಿತು, ಪ್ರವಾಸಿಗರು ಬರತೊಡಗಿದ್ದೂ ಆಮೇಲೆಯೇ.

ಆದರೂ ಊರುಗಳು ಕೆಡದೆ ಉಳಿದದ್ದು ಹೇಗೆ ಎಂದರೆ ಒಬ್ಬರ ಹೆಸರು ಹೇಳಲೇಬೇಕು. ಅರ್ರೆಸಿಫೆಯಲ್ಲಿ 1919ರಲ್ಲಿ ಹುಟ್ಟಿದ ಚಿತ್ರಕಲಾವಿದ ಸೆಸಾರ್ ಮನ್ರಿಕೆ ನ್ಯೂಯಾರ್ಕ್‌ನಿಂದ ಹುಟ್ಟೂರಿಗೆ ಮರಳಿ, ಮಹಡಿಯ ಮೇಲೆ ಮಹಡಿ ಏರಿಸಬೇಡಿ, ರಸ್ತೆ ಬದಿ ಜಾಹೀರಾತು ಫಲಕ ನಿಲ್ಲಿಸಬೇಡಿ, ಹಿರಿಯರು ಕಟ್ಟಿದ ಹಾಗೆ ಬಿಳಿಯ ಮನೆ ಕಟ್ಟಿ ಎಂದು ಅಧಿಕಾರಿಗಳಿಗೂ ಜನರಿಗೂ ಹೇಳುತ್ತ ಬಂದರು. ತಾಹಿಚೆ ಎಂಬ ಊರಿನಲ್ಲಿ, ಲಾವಾ ತಣ್ಣಗಾದಾಗ ಒಳಗೆ ಟೊಳ್ಳಾಗಿ ಉಳಿದ ಐದು ಗುಳ್ಳೆಗಳನ್ನೇ ಕೋಣೆಗಳಾಗಿಸಿಕೊಂಡು ಮನೆ ಮಾಡಿದ್ದರು. 1992ರಲ್ಲಿ ಅದರ ಸಮೀಪದ ರಸ್ತೆಯಲ್ಲೇ ಅಪಘಾತದಲ್ಲಿ ತೀರಿಕೊಂಡರು. ಅವರು ರೂಪಿಸಿದ ಹಾಮೆಯೊಸ್ ಎಂಬ ಲಾವಾ ಗುಹೆ ಬಹಳ ಪ್ರಸಿದ್ಧ, ಆದರೆ ಮೆಟ್ಟಿಲುಗಳು ಹೆಚ್ಚು; ಅಮ್ಮನನ್ನು ಅಲ್ಲಿಗೆ ಕರೆದೊಯ್ಯುವುದು ಬೇಡ.

ಅವರು ಕಡೆಯ ವರ್ಷಗಳನ್ನು ಕಳೆದ, ಈಗ ಅವರ ಸಮಾಧಿಯೂ ಇರುವ ಊರು ಹರೀಯಾ. ಎಂಟು ದಿನಗಳಲ್ಲಿ ನನ್ನ ಮನಸ್ಸು ನಿಂತದ್ದು ಇಲ್ಲಿ. ತೆಗಿಸೆಯಿಂದ ಬೋಳು ಬೆಟ್ಟಗಳನ್ನು ಹತ್ತಿ, ತಿರುವುಗಳಲ್ಲಿ ಇಳಿಯುತ್ತಿದ್ದಂತೆ ಕೆಳಗೆ ಕಣಿವೆಯ ತುಂಬ ಮರಗಳು ಕಾಣುತ್ತವೆ, ನಮ್ಮ ಈಚಲಿನದೇ ಜಾತಿ, ಆದರೆ ದಪ್ಪ ಕಾಂಡ, ತುಂಬು ತಲೆ. ‘ಸಾವಿರ ಮರಗಳ ಕಣಿವೆ’ ಎಂದೇ ಇದಕ್ಕೆ ಹೆಸರು. ಹೆಣ್ಣುಮಗು ಹುಟ್ಟಿದರೆ ಒಂದು ಮರ, ಗಂಡಾದರೆ ಎರಡು ನೆಡುತ್ತಿದ್ದರು ಎಂಬ ಮಾತಿದೆ. ಕೇಳಿದಾಗ ನನಗೆ ನೋವಾಯಿತು, ನೆಟ್ಟಾದ ಮರಗಳಲ್ಲಿ ಯಾವುದು ಯಾರದೆಂದು ಗೊತ್ತಾಗದಿರುವುದು ಸಮಾಧಾನ ತಂದಿತು. ನೆರಳಿರುವ ಚೌಕದಲ್ಲಿ ಶನಿವಾರ ಕರಕುಶಲದ ಸಂತೆ ನಡೆಯುತ್ತದೆ. ಅಲ್ಲಿ ವೃದ್ಧರೊಬ್ಬರು ಆ ಮರದ ಗರಿಯ ದಿಂಡನ್ನು ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿದೆ, ಅವರು ತಲೆಯೆತ್ತದೆ ನನಗೊಂದು ಸ್ಟೂಲು ಸರಿಸಿ ಕೊಟ್ಟರು. ಅಮ್ಮನಿಗೆಂದು ಒಂದು ಸಣ್ಣ ಬುಟ್ಟಿ ಕೊಂಡಿದ್ದೇನೆ.

ಹರೀಯಾದಿಂದ ಹಿಂತಿರುಗುವ ದಾರಿಯಲ್ಲಿ ಗ್ವಾತೀಸಾ ಸಿಗುತ್ತದೆ. ಇಲ್ಲಿನ ಹೊಲಗಳಲ್ಲಿ ಸಾಲುಸಾಲಾಗಿ ಬೆಳೆದಿರುವುದು ಪಾಪಾಸುಕಳ್ಳಿ. ಅದರ ಮೇಲೆ ಬಿಳಿಯ ಬೂಷ್ಟಿನಂತೆ ಕೂತಿರುವ ಹುಳುವನ್ನು ಕೆರೆದು, ಒಣಗಿಸಿ, ಅರೆದರೆ ಕಡುಗೆಂಪು ಬಣ್ಣ ಬರುತ್ತದೆ. 19ನೆಯ ಶತಮಾನದಲ್ಲಿ ಇದೇ ದ್ವೀಪಗಳ ದೊಡ್ಡ ವ್ಯಾಪಾರವಾಗಿತ್ತು, ರಾಸಾಯನಿಕ ಬಣ್ಣಗಳು ಬಂದ ಮೇಲೆ ಕುಸಿಯಿತು. ಬೂದಿ ತೋಡಿ ತೋಡಿ ಉಂಟಾಗಿದ್ದ ಹಳೆಯ ಗುಂಡಿಯೊಂದನ್ನು ಮನ್ರಿಕೆಯವರು ಕಳ್ಳಿಗಳ ತೋಟವಾಗಿಸಿದ್ದಾರೆ. ಅದು 1990ರಲ್ಲಿ ತೆರೆಯಿತು, ಈ ದ್ವೀಪದಲ್ಲಿ ಅವರ ಕಡೆಯ ದೊಡ್ಡ ಕೆಲಸ.

ಕಡೆಯ ದಿನ ಉತ್ತರದ ತುದಿಯ ಓರ್ಸೋಲಾದಿಂದ ದೋಣಿ ಹಿಡಿದು ಲಾ ಗ್ರಾಸಿಯೋಸಾ ಎಂಬ ಪುಟ್ಟ ದ್ವೀಪಕ್ಕೆ ಹೋದೆ. ಅರ್ಧ ಗಂಟೆಯ ಪ್ರಯಾಣ. ಅಲ್ಲಿನ ಕಲೇತಾ ದೆ ಸೆಬೊ ಎಂಬ ಊರಿನಲ್ಲಿ ಡಾಂಬರಿಲ್ಲ, ಬೀದಿಗಳೆಲ್ಲ ಮರಳು. ಮನೆಯ ಮುಂದಿನ ಮರಳನ್ನು ಹೆಂಗಸೊಬ್ಬರು ಸಮನಾಗಿ ಗುಡಿಸುತ್ತಿದ್ದರು. ದೋಣಿ ಕುಲುಕುತ್ತದೆ, ಆದ್ದರಿಂದ ಗಾಳಿ ಕಡಿಮೆಯಿದ್ದ ದಿನ ಮಾತ್ರ ನಾವು ಹೋಗೋಣ.

ಊಟದ ಚಿಂತೆ ಬೇಡವೆಂದು ಅಮ್ಮನಿಗೆ ಹೇಳಿರಿ. ಸಿಪ್ಪೆಸಹಿತ ಸಣ್ಣ ಆಲೂಗಡ್ಡೆಗಳನ್ನು ಉಪ್ಪುನೀರಿನಲ್ಲಿ ಸುಕ್ಕಾಗುವವರೆಗೆ ಬೇಯಿಸಿ, ಮೆಣಸು ಬೆಳ್ಳುಳ್ಳಿಯ ಕೆಂಪು ಚಟ್ನಿ, ಕೊತ್ತಂಬರಿಯ ಹಸಿರು ಚಟ್ನಿಯೊಂದಿಗೆ ಎಲ್ಲ ಕಡೆಯೂ ಕೊಡುತ್ತಾರೆ. ಗೋಫಿಯೊ ಎಂದು ಇವರು ಕರೆಯುವುದು ನಮ್ಮ ಹುರಿಹಿಟ್ಟಿನಂಥದೇ, ಹುರಿದ ಧಾನ್ಯದ ಹಿಟ್ಟು. ಗಾಳಿ ಮಾತ್ರ ಬಿಡದೆ ಬೀಸುತ್ತದೆ. ಕಿವಿ ಮುಚ್ಚುವ ಸ್ಕಾರ್ಫ್ ಇಬ್ಬರಿಗೂ ಇರಲಿ, ನಿಮಗೆ ಗಟ್ಟಿ ಅಡಿಯ ಶೂ ಬೇಕು.

ಮೊದಲ ನಾಲ್ಕು ದಿನ ಹರೀಯಾದಲ್ಲಿ, ಆಮೇಲಿನ ಮೂರು ದಿನ ಯಾಯ್ಸಾದಲ್ಲಿ ತಂಗುವುದು ಒಳ್ಳೆಯದೆಂದು ನನ್ನ ಎಣಿಕೆ. ಹರೀಯಾದಲ್ಲಿ ಮೆಟ್ಟಿಲಿಲ್ಲದ, ಅಂಗಳವಿರುವ ಒಂದು ಮನೆಯನ್ನು ನೋಡಿಟ್ಟಿದ್ದೇನೆ. ನೀವು ಬರುವ ದಿನಾಂಕ ತಿಳಿಸಿದರೆ ಮಾತಾಡಿ ನಿಶ್ಚಯಿಸುತ್ತೇನೆ. ಲಾ ಹೇರಿಯಾದ ರೈತರೊಬ್ಬರಿಗೆ ನಮ್ಮ ತಂದೆಯೂ ಬೇಸಾಯಗಾರರೆಂದು ಹೇಳಿದ್ದಕ್ಕೆ, ನಿಮ್ಮ ಕಡೆ ಬುಡಕ್ಕೆ ಏನು ಹೊದಿಸುತ್ತಾರೆ, ಅದು ಎಷ್ಟು ತಿಂಗಳು ತಡೆಯುತ್ತದೆ ಎಂದು ಅವರು ವಿಚಾರಿಸಿದರು. ನನಗೆ ಸರಿಯಾಗಿ ಹೇಳಲಾಗಲಿಲ್ಲ. ಏಪ್ರಿಲ್‌ನಲ್ಲಿ ನೀವೇ ಬಂದು ಹೇಳುತ್ತೀರೆಂದು ಅವರಿಗೆ ಮಾತು ಕೊಟ್ಟು ಬಂದಿದ್ದೇನೆ.

ಇಂತಿ,
ನಿಮ್ಮ ಪ್ರೀತಿಯ ಮಗಳು