ನಗುವುದಕ್ಕೆ ಯಾರ ಅಪ್ಪಣೆಯೂ ಬೇಡ, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮವಾಗಿದ್ದೇವೆ. ಮೊನ್ನೆ ನೀನು ಫೋನಿನಲ್ಲಿ ಹೇಳಿದ ಒಂದು ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಗೆಳತಿಯ ಯಾವುದೋ ಮಾತಿಗೆ ಜೋರಾಗಿ ನಕ್ಕೆ, ನಕ್ಕ ಮರುಕ್ಷಣವೇ ನಾಚಿಕೆಯಾಯಿತು ಎಂದೆ. ‘ಕೆಲಸ ಕಳೆದುಕೊಂಡು ಕುಳಿತಿದ್ದೇನೆ, ಅಲ್ಲಿ ನಿಮ್ಮ ತೋಟ ಒಣಗುತ್ತಿದೆ, ನನಗೆಂಥ ನಗು ಅಪ್ಪಾ’ ಎಂದೆ. ಆ ಮಾತಿಗೆ ನಿಧಾನವಾಗಿ ಉತ್ತರ ಕೊಡಬೇಕು ಎನ್ನಿಸಿ ಬರೆಯಲು ಕುಳಿತಿದ್ದೇನೆ.

ಅಡಿಕೆ ತೋಟದ ಸುದ್ದಿಯನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಎಲೆಚುಕ್ಕೆ ರೋಗ ಈ ವರ್ಷ ಕೆಳಗಿನ ಸೋಗೆಗಳನ್ನು ದಾಟಿ ಮೇಲಕ್ಕೂ ಏರಿದೆ. ಮೊದಲು ಹಳದಿ ಚುಕ್ಕೆ, ಆಮೇಲೆ ಕಂದು, ಕೊನೆಗೆ ಸೋಗೆಯೇ ಒಣಗಿ ಜೋಲುತ್ತದೆ. ಗಾಳಿ ಮಳೆಯಲ್ಲಿ ಹರಡುವ ಶಿಲೀಂಧ್ರವಾದ್ದರಿಂದ ನಮ್ಮ ಮರಗಳಿಗಷ್ಟೇ ಔಷಧಿ ಹೊಡೆದು ಪ್ರಯೋಜನವಿಲ್ಲ, ಸುತ್ತಲಿನ ತೋಟದವರೆಲ್ಲ ಒಟ್ಟಿಗೆ ಹೊಡೆಯಬೇಕು. ಅದಕ್ಕೆ ಮಳೆ ಬಿಡುವು ಕೊಡಬೇಕು, ಮರ ಹತ್ತುವವರು ಸಿಗಬೇಕು. ಫಸಲು ಕಡಿಮೆಯಾಗುತ್ತದೆ, ಸಂಘದ ಸಾಲದ ಕಂತು ತಡವಾಗುತ್ತದೆ. ಹೊಸ ಸಸಿ ನೆಟ್ಟರೆ ಫಲಕ್ಕೆ 5–6 ವರ್ಷ ಕಾಯಬೇಕು. ನಗುನಗುತ್ತಾ ಇದ್ದರೆ ಇದೆಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ನಗುವಿನಿಂದ ಸಾಲ ತೀರುವುದಿಲ್ಲ, ಅತ್ತರೂ ತೀರುವುದಿಲ್ಲ.

ಆದರೆ ಈ ಸಲದ ಭೂಮಿ ಹುಣ್ಣಿಮೆ ಹಬ್ಬದಲ್ಲಿ ನಿನ್ನ ಅಮ್ಮ ಯಾವುದನ್ನೂ ಕಡಿಮೆ ಮಾಡಲಿಲ್ಲ. ವಿಜಯದಶಮಿ ಮುಗಿದ ಕೂಡಲೇ ಗದ್ದೆಗೆ ಎಡೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದಳು. ಅಕ್ಕಿ ನೆನೆಸಿ ಅರೆದು, ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಚಿತ್ತಾರ ಬರೆದಳು. ರಾತ್ರಿ ಕರೆಂಟು ಹೋದಾಗ ಮೊಬೈಲಿನ ಬೆಳಕಿನಲ್ಲಿ ಭತ್ತದ ಸಸಿಗಳನ್ನು ಬರೆಯುತ್ತಿದ್ದಳು, ನಾನು ಮೊಬೈಲು ಹಿಡಿದು ಪಕ್ಕದಲ್ಲಿ ಕುಳಿತಿದ್ದೆ. ‘ಕೈ ಅಲುಗಿಸಬೇಡಿ’ ಎಂದು ಬೈಸಿಕೊಂಡೆ. ಎಷ್ಟೋ ದಿನಗಳಿಂದ ನಮ್ಮಿಬ್ಬರ ಮಾತೆಲ್ಲ ಔಷಧಿ, ಕೂಲಿ, ಕಂತು ಇಷ್ಟರಲ್ಲೇ ಸುತ್ತುತ್ತಿತ್ತು. ಅಂದು ರಾತ್ರಿ ಬಂಡಿಯ ಗಾಲಿ ದೊಡ್ಡದಾಯಿತೋ ಸಣ್ಣದಾಯಿತೋ ಎಂದು ಚರ್ಚೆ ಮಾಡಿದೆವು. ನನಗೆ ಬಹಳ ಸಂತೋಷವಾಯಿತು, ಪುಟ್ಟಿ. ಆ ಹೊತ್ತಿನಲ್ಲೂ ತೋಟದಲ್ಲಿ ರೋಗ ಇದ್ದೇ ಇತ್ತು.

ಹುಣ್ಣಿಮೆಯ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಬೇಲಿಯ ಬದಿಯಿಂದ, ಹಿತ್ತಲಿನಿಂದ ಕೊಯ್ದು ತಂದ ನಾನಾ ಬಗೆಯ ಸೊಪ್ಪುಗಳನ್ನು ಬೇಯಿಸಿ ಚರಗ ಮಾಡಿದಳು, ಕಡುಬು ಮಾಡಿದಳು. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋದೆವು. ಅವಳು ಕೊರಳಿನ ಸರವನ್ನು ಭತ್ತದ ಪೈರಿಗೆ ತೊಡಿಸಿ ಪೂಜೆ ಮಾಡಿದಳು. ಬಸುರಿ ಹೆಂಗಸಿಗೆ ಬಯಕೆ ಊಟ ಬಡಿಸುವ ಹಾಗೆ ಭೂಮಿತಾಯಿಗೆ ಚರಗ ಚೆಲ್ಲಿದೆವು. ತೋಟದ ಒಣಗಿದ ಮರಗಳ ಬುಡಕ್ಕೂ ಒಂದೊಂದು ಹಿಡಿ ಹಾಕಿದಳು. ಆಮೇಲೆ ಗದ್ದೆಯ ಬದುವಿನ ಮೇಲೆ ಕುಳಿತು ಎಲ್ಲರೂ ಉಂಡೆವು.

ಅಲ್ಲಿ ಕುಳಿತಾಗ ನನಗೊಂದು ವಿಷಯ ಹೊಳೆಯಿತು. ಹಿರಿಯರು ಈ ಹಬ್ಬವನ್ನು ಭತ್ತ ಮನೆ ತುಂಬಿದ ಮೇಲೆ ಇಟ್ಟಿಲ್ಲ. ಪೈರು ಇನ್ನೂ ಹೊಡೆ ಕಟ್ಟುವ ಕಾಲದಲ್ಲಿ, ಹಳೆಯ ಕಾಲಕ್ಕಾದರೆ ಕಣಜದ ತಳ ಕಾಣುತ್ತಿದ್ದ ದಿನಗಳಲ್ಲಿ ಇಟ್ಟಿದ್ದಾರೆ. ಆಮೇಲೂ ಅಕಾಲ ಮಳೆ ಬರಬಹುದು, ಹಂದಿ ನುಗ್ಗಬಹುದು. ಫಸಲು ಕೈಗೆ ಬರುತ್ತದೆಂಬ ಖಾತ್ರಿ ಇಲ್ಲದ ಹೊತ್ತಿನಲ್ಲೇ ಅವರು ಕಡುಬು ಬೇಯಿಸಿದರು. ಎಲ್ಲ ನೆಟ್ಟಗಾದ ಮೇಲೆ ಸಂತೋಷಪಡೋಣ ಎಂದು ಕಾಯುತ್ತಿದ್ದರೆ ನಮ್ಮ ಸೀಮೆಯಲ್ಲಿ ಹಬ್ಬವೇ ಇರುತ್ತಿರಲಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುತ್ತೇವಲ್ಲ, 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ನೀರು ಸುಣ್ಣದ ನೀರಿನ ಜೊತೆ ಬೆರೆಯುತ್ತಲೇ ಒಂದು ತಿಳಿನೀಲಿ ಬಣ್ಣ ಬರುತ್ತದೆ. ಆ ಬಣ್ಣ ನನಗೆ ಚಿಕ್ಕಂದಿನಿಂದಲೂ ಇಷ್ಟ. ನನ್ನ ಅಪ್ಪ ಕಲಸುವಾಗ ಡ್ರಮ್ಮಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಈ ವರ್ಷವೂ, ಸುರಿಯುವ ಮಳೆಯಲ್ಲಿ, ಕೈಯಲ್ಲಿದ್ದ ದುಡ್ಡೆಲ್ಲ ಔಷಧಿಗೇ ಹೋಗಿದ್ದಾಗಲೂ ಅದನ್ನು ನೋಡಿ ಹಿಗ್ಗಿದೆ. ಹಾಗೆ ಹಿಗ್ಗಿದ್ದರಿಂದ ಒಂದು ಮರಕ್ಕೂ ಔಷಧಿ ತಪ್ಪಲಿಲ್ಲ.

ಹಾಗಾಗಿ ಗೆಳತಿಯ ಮಾತಿಗೆ ನಕ್ಕದ್ದಕ್ಕೆ ನಾಚಬೇಡ. ನೀನು ನಕ್ಕರೆ ನನ್ನ ಕಷ್ಟವನ್ನು ಮರೆತೆ ಎಂದು ನಾನು ತಿಳಿಯುವವನಲ್ಲ. ನೀನು ನಗುವುದನ್ನು ಬಿಟ್ಟಿದ್ದೀಯ ಎಂದು ಗೊತ್ತಾದರೆ ಮಾತ್ರ ನನ್ನ ಕಷ್ಟ ಇನ್ನಷ್ಟು ಹೆಚ್ಚುತ್ತದೆ. ಕೆಲಸಕ್ಕೆ ಅರ್ಜಿ ಹಾಕುವುದನ್ನು ಹಾಕು. ಸಂದರ್ಶನ ಮುಗಿಸಿ ಬರುವಾಗ ದಾರಿಯಲ್ಲಿ ಸೀಬೆಹಣ್ಣು ಕಂಡರೆ ಉಪ್ಪು ಖಾರ ಹಾಕಿಸಿಕೊಂಡು ತಿನ್ನು, ಲೆಕ್ಕ ಹಾಕಬೇಡ. ಅಳು ಬಂದರೆ ಅಳು, ಅದನ್ನೂ ತಡೆಯಬೇಡ. ರಾತ್ರಿ ಎಷ್ಟು ಹೊತ್ತಾಗಿದ್ದರೂ ನನಗೆ ಫೋನು ಮಾಡು.

ನಾಳೆ ರಾತ್ರಿಯ ಬಸ್ಸಿಗೆ ಒಂದು ಡಬ್ಬ ಕಳಿಸುತ್ತಿದ್ದೇನೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಅಮ್ಮನ ಚಟ್ನಿಪುಡಿ ಇವೆ. ಹಪ್ಪಳವನ್ನು ಗೆಳತಿಗೂ ಕೊಡು. ದೀಪಾವಳಿಗೆ ಬಂದೇ ಬರಬೇಕು. ಅಂಟಿಕೆ ಪಂಟಿಕೆಯವರು ಈ ವರ್ಷವೂ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಬರುತ್ತಾರಂತೆ, ಊರಿನಲ್ಲಿ ಆಗಲೇ ಮಾತು ನಡೆದಿದೆ. ಬಸ್ಸಿನ ಖರ್ಚಿನ ಯೋಚನೆ ಬೇಡ, ಟಿಕೆಟಿನ ದುಡ್ಡನ್ನು ಅಮ್ಮ ಬೇರೆಯೇ ತೆಗೆದಿಟ್ಟಿದ್ದಾಳೆ. ಯಾವ ದಿನ ಹೊರಡುತ್ತೀ ಎಂದು ತಿಳಿಸು, ಸಾಗರದ ಬಸ್ ನಿಲ್ದಾಣಕ್ಕೆ ಬೈಕು ತರುತ್ತೇನೆ.

ಇತಿ,
ನಿನ್ನ ಅಪ್ಪ