ಅಳತೆ ಟೇಪು ಹಿಡಿದವರಿಗೆ ಆಟ ಕಾಣುವುದಿಲ್ಲವೇ?

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್ ಆರಡಿ ದಾಟಿದವರ ಆಟ ಎಂದು ನಿಮ್ಮ ಭಾನುವಾರದ ಕ್ರೀಡಾಪುಟದಲ್ಲಿ ಬಂದ ವರದಿ ಓದಿ ತುಂಬಾ ಬೇಸರವಾಯಿತು. ಅದೇ ವಾರ ಇಲ್ಲಿ ಡಲ್ಲಾಸ್ ಕಡೆಯ ಶಾಲೆಯೊಂದರಲ್ಲಿ ನನ್ನ ಮಗನನ್ನು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವ) ಆಯ್ಕೆಯಿಂದ ಕೈಬಿಟ್ಟರು. ಅವನು ಚೆಂಡು ಎಸೆಯುವುದನ್ನು ಯಾರೂ ನೋಡಲೇ ಇಲ್ಲ. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು, ಹೋಗು ಅಂದರು. ಇದಕ್ಕೆ ನಾನು ಕೆಲಸಕ್ಕೆ ರಜೆ ಹಾಕಿ ಟೆಕ್ಸಾಸ್ ಬಿಸಿಲಲ್ಲಿ ಕಾದಿದ್ದೆ. ಹೊಸ ಶೂ, ವೈದ್ಯರ ತಪಾಸಣೆ ಅಂತ ಕೊಟ್ಟ ದುಡ್ಡೂ ಹೋಯಿತು. ಮನೆಗೆ ಬಂದರೆ ಮೈಸೂರಿನಿಂದ ಅಪ್ಪನ ಫೋನು. "ಪೇಪರಲ್ಲೇ ಬಂದಿದೆಯಲ್ಲೋ, ಕುಳ್ಳರಿಗೆ ಆಗಲ್ವಂತೆ. ಮಗೂನ ಯಾಕೆ ಸುಮ್ನೆ ಅಲೆಸ್ತೀಯ?" ಮಗ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಊಟ ಮಾಡದೆ ಮಲಗಿದ.

ಎತ್ತರಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಟ್ಯಾಕಲ್ ಎಂಬ ಆಟಗಾರರಿಗೆ ಎತ್ತರ ಬೇಕು, ಅದಕ್ಕಿಂತ ಜಾಸ್ತಿ ಉದ್ದನೆಯ ತೋಳು ಬೇಕು. ನುಗ್ಗಿ ಬರುವವನನ್ನು ತೋಳಳತೆಯಲ್ಲೇ ತಡೆಯಬೇಕಲ್ವಾ? ಕುಳ್ಳ ಎಸೆದ ಚೆಂಡಿಗೆ ಎದುರಾಳಿಗಳ ಕೈ ತಾಗುವುದೂ ಉಂಟು. ಆದರೆ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಬರೀ ಆರಡಿ. ಮುಂದೆ ನಿಂತ ದೈತ್ಯರ ತಲೆಯ ಮೇಲಿಂದ ನೋಡಲಾಗದಿದ್ದರೆ ಅವರ ನಡುವಿನ ಸಂದಿಯಲ್ಲಿ ನೋಡಿ ಎಸೆದ. 2010ರಲ್ಲಿ ಸೂಪರ್ ಬೌಲ್, ಅಂದರೆ ಇಲ್ಲಿನ ವೃತ್ತಿಪರ ಲೀಗ್‌ನ ಫೈನಲ್, ಗೆದ್ದ. ನಿವೃತ್ತನಾಗುವಾಗ ಅವನ ಖಾತೆಯಲ್ಲಿ ಚೆಂಡು ಎಸೆದು ಗಳಿಸಿದ 80,358 ಗಜ ಇತ್ತು. 5 ಅಡಿ 11 ಅಂಗುಲದ ರಸೆಲ್ ವಿಲ್ಸನ್‌ನನ್ನು 2012ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) 75ನೆಯವನಾಗಿ ಆರಿಸಿದರು. ಎರಡೇ ಸೀಸನ್‌ನಲ್ಲಿ ಅವನು ಸಿಯಾಟಲ್ ತಂಡಕ್ಕೆ ಸೂಪರ್ ಬೌಲ್ ಕಪ್ ತಂದುಕೊಟ್ಟ. ಆದರೆ 2007ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜಮಾರ್ಕಸ್ ರಸೆಲ್ 6 ಅಡಿ 6 ಅಂಗುಲ. ಮೂರು ಸೀಸನ್‌ಗೆ ಅವನ ಕಥೆ ಮುಗಿಯಿತು. ಇದನ್ನು ನಿಮ್ಮ ವರದಿಗಾರರು ಯಾಕೆ ಬರೆಯಲಿಲ್ಲ? 2019ರಲ್ಲಿ ಕೈಲರ್ ಮರ್ರಿ, 2023ರಲ್ಲಿ ಬ್ರೈಸ್ ಯಂಗ್, ಇಬ್ಬರೂ 5 ಅಡಿ 10 ಅಂಗುಲದವರು, ಇಬ್ಬರೂ ಮೊದಲ ಆಯ್ಕೆ.

ಚೆಂಡು ಹಿಡಿದು ಓಡುವವರಿಗಂತೂ ಕುಳ್ಳಗಿರುವುದೇ ಅನುಕೂಲ. ದೊಡ್ಡವರ ಬೆನ್ನ ಹಿಂದೆ ಮರೆಯಾಗಬಹುದು, ಥಟ್ಟನೆ ತಿರುಗಬಹುದು. ಬ್ಯಾರಿ ಸ್ಯಾಂಡರ್ಸ್ 5 ಅಡಿ 8 ಅಂಗುಲ. ನಮ್ಮ ಡಲ್ಲಾಸ್ ತಂಡ ಕೌಬಾಯ್ಸ್‌ನ ಎಮಿಟ್ ಸ್ಮಿತ್ 5 ಅಡಿ 9 ಅಂಗುಲ. ಓಡಿ ಗಳಿಸಿದ ಅವನ 18,355 ಗಜದ ದಾಖಲೆಯನ್ನು ಯಾವ ಎತ್ತರದವನೂ ಮುರಿದಿಲ್ಲ. ಅಷ್ಟೇ ಎತ್ತರದ ಸ್ಯಾಮ್ ಮಿಲ್ಸ್ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ತಡೆಯುವ ರಕ್ಷಣಾ ಆಟಗಾರ. ಅವನನ್ನು ಡ್ರಾಫ್ಟ್‌ನಲ್ಲಿ ಯಾರೂ ಮುಟ್ಟಲಿಲ್ಲ. 2022ರಲ್ಲಿ ಅವನಿಗೆ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು, ಅದೂ ತೀರಿಕೊಂಡ ಎಷ್ಟೋ ವರ್ಷದ ಮೇಲೆ. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಟೇಪಿನ ಹುಚ್ಚು ಅಮೆರಿಕದ್ದು ಮಾತ್ರವಲ್ಲ. ಊರಲ್ಲಿ ಕಬಡ್ಡಿ ಆಡುತ್ತಿದ್ದಾಗ ಕ್ರೀಡಾ ಹಾಸ್ಟೆಲ್ ಆಯ್ಕೆಗೆ ಹೋಗಿದ್ದೆ. ಅಲ್ಲೂ ಎತ್ತರ ಅಳೆದೇ ವಾಪಸ್ ಕಳಿಸಿದರು. ಅಳೆದ ಸಾಹೇಬರು ಕುರ್ಚಿಯಿಂದ ಏಳಲೂ ಇಲ್ಲ. ಪ್ರಮಾಣಪತ್ರಕ್ಕೆ ಸಹಿ ಕೇಳಿದರೆ ನಾಳೆ ಬಾ. ಕ್ರೀಡಾಂಗಣದ ಗೇಟು ನಮಗೆ ಬೀಗ, ಸಮಾರಂಭದ ಶಾಮಿಯಾನಕ್ಕೆ ಸದಾ ತೆರೆದಿರುತ್ತಿತ್ತು. ಇಲ್ಲಿನ ಶಾಲಾ ಮಂಡಳಿಯವರೂ ಬೇರೆ ಜಾತಿಯವರೇನಲ್ಲ. ಮಕ್ಕಳ ಮೈದಾನದ ಲೈಟು ಕೆಟ್ಟಿದೆ ಎಂದು ಬರೆದರೆ ಉತ್ತರವೇ ಇಲ್ಲ.

ದಯವಿಟ್ಟು ಆ ವರದಿಗೆ ತಿದ್ದುಪಡಿ ಹಾಕಿ. ಇಲ್ಲವೇ ಈ ಆಟಗಾರರ ಬಗ್ಗೆ ಒಂದು ಪುಟ ಕೊಡಿ, ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಆಯ್ಕೆ ಮಾಡುವವರು, ಇಲ್ಲಿಯವರಾಗಲಿ ಅಲ್ಲಿಯವರಾಗಲಿ, ಮೊದಲು ಮಗುವಿನ ಕೈಗೆ ಚೆಂಡು ಕೊಡಲಿ. ಹದಿಮೂರು ವರ್ಷದ ಹುಡುಗ ಇನ್ನೂ ಬೆಳೆಯುತ್ತಾನೆ ಎಂಬ ತಿಳಿವಳಿಕೆಯೂ ಇಲ್ಲದವರನ್ನು ಆ ಜಾಗದಲ್ಲಿ ಕೂರಿಸಿದ್ದು ಯಾರು?

– ನೊಂದ ಓದುಗ, ಡಲ್ಲಾಸ್, ಟೆಕ್ಸಾಸ್