ಸಾವಯವ ಪರಿಕರಗಳ ಪಟ್ಟಿ ಕನ್ನಡದಲ್ಲಿರಲಿ

ಮಾನ್ಯರೇ,

ಶಿರಸಿ ಭಾಗದಲ್ಲಿ ‘ಸಾವಯವ’ ಹಣೆಪಟ್ಟಿಯ ಗೊಬ್ಬರ, ಔಷಧಗಳು ಹೇರಳವಾಗಿ ಮಾರಾಟವಾಗುತ್ತಿದ್ದು, ಪ್ರಮಾಣೀಕೃತ ತೋಟಕ್ಕೆ ಅವುಗಳಲ್ಲಿ ಯಾವುದು ಸಲ್ಲುತ್ತದೆ ಎಂಬುದೇ ರೈತರಿಗೆ ತಿಳಿಯದಾಗಿದೆ. ಅಡಿಕೆಯ ಕೊಳೆರೋಗಕ್ಕೆ ತಲೆಮಾರುಗಳಿಂದ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. ನೀರಿನಲ್ಲಿ ಮೈಲುತುತ್ತ, ಸುಣ್ಣ ಬಿಟ್ಟರೆ ಬೇರೇನೂ ಇಲ್ಲ. ಆದರೂ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮಾನದಂಡದಲ್ಲಿ ತಾಮ್ರದ ಲವಣಗಳು ನಿರ್ಬಂಧಿತ ಬಳಕೆಗೆ ಸೇರಿವೆ. ಪ್ರಮಾಣೀಕರಣ ಸಂಸ್ಥೆಯನ್ನು ಕೇಳದೆ ಸಿಂಪಡಿಸುವಂತಿಲ್ಲ. ಇದು ಎಷ್ಟು ಬೆಳೆಗಾರರಿಗೆ ಗೊತ್ತು? ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನಾ ಅವಧಿಯೇ (ರಾಸಾಯನಿಕ ಬಿಟ್ಟು ಸಾವಯವ ಎಂದು ಪ್ರಮಾಣೀಕೃತವಾಗುವವರೆಗಿನ ಕಾಲ) 3 ವರ್ಷ. ನಿಷೇಧಿತ ವಸ್ತು ಒಮ್ಮೆ ಬಿದ್ದರೂ ಅಷ್ಟೂ ಶ್ರಮ ನೀರುಪಾಲಾಗಬಹುದು.

ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ಅನುಮತಿಸಿದ ಹಾಗೂ ನಿರ್ಬಂಧಿತ ಪರಿಕರಗಳ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ, ಮಳೆಗಾಲಕ್ಕೆ ಮೊದಲೇ ರೈತ ಸಂಪರ್ಕ ಕೇಂದ್ರ, ಸಹಕಾರಿ ಸಂಘಗಳಲ್ಲಿ ತೂಗುಹಾಕಲಿ.

– ಅಡಿಕೆ ಬೆಳೆಗಾರ, ಶಿರಸಿ